ಖಾಲಿ ಪೆಟ್ಟು

ಈ ಬರಹದಲ್ಲಿ ಆಕೆಯ ಹೆಸರು ಬರುವುದಿಲ್ಲ. ಮರೆತದ್ದರಿಂದ ಅಲ್ಲ. ಉಳಿದ ಎಷ್ಟೋ ಸಂಗತಿಗಳು ಮರೆತಿವೆ. ನೆನಪಿರುವ ಕೆಲವು ನಿಜವಾಗಿ ನಡೆದವೋ, ಇಲ್ಲಾ ನಾಲ್ಕು ಜನರ ಮುಂದೆ ಹೇಳಿ ಹೇಳಿ ನಾನೇ ಗಟ್ಟಿ ಮಾಡಿಕೊಂಡವೋ ಎನ್ನುವುದು ಈಗ ತಿಳಿಯದಂತಾಗಿದೆ. ಹೆಸರು ಮಾತ್ರ ಚೆನ್ನಾಗಿ ನೆನಪಿದೆ. ಆದರೂ ಯಾಕೆ ಬರೆಯುತ್ತಿಲ್ಲ ಎನ್ನುವುದು ಮುಂದೆ ತಿಳಿಯುತ್ತದೆ. ದಾಂಡೇಲಿಯ ನಮ್ಮ ಓಣಿಯಲ್ಲಿ ಎಲ್ಲರೂ ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೆಯೇ ಅನ್ನುತ್ತೇನೆ.

ಹಳಿಯಾಳದಿಂದ ಒಳಗೆ, ಕಾಡಿನ ಅಂಚಿಗಿರುವ ಒಂದು ಸಿದ್ದಿ ಕೇರಿ ಮಾವಶಿಯದು. ಅಲ್ಲಿಯ ಜನ ಒಂದಿಷ್ಟು ಭತ್ತ ಬೆಳೆಯುತ್ತಿದ್ದರು, ಉಳಿದ ದಿನ ಕೂಲಿಗೆ ಹೋಗುತ್ತಿದ್ದರು. ಸಂತೆಯ ದಿನ ಆಕೆ ಕಾಡುಹುಲ್ಲಿನ ಕಸಬರಿಗೆಗಳನ್ನು ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು, ದಾಂಡೇಲಿಯ ನಮ್ಮ ಅಂಬೇವಾಡಿಗೆ ಬರುತ್ತಿದ್ದಳು. ನಮ್ಮ ಮನೆಯ ಕಟ್ಟೆಯ ಮೇಲೆ ಕಟ್ಟು ಇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಒಳಗೆ ಯಾರಿದ್ದಾರೆಂದು ನೋಡದೆಯೇ ಕೂಗುವಳು: "ಅಕ್ಕಾರ, ಸಕ್ರಿ ಹಾಕಿ ಆಮ್ಯಾಲೆ ಚಾ ಹಾಕ್ರಿ. ಚಾ ಹಾಕಿ ಆಮ್ಯಾಲೆ ಸಕ್ರಿ ಹಾಕಬ್ಯಾಡ್ರಿ. ನೀವು ಕೈ ಹಿಡೀತೀರಿ."

ನನ್ನ ಅವ್ವ ನವಲಗುಂದದ ಕಡೆಯವಳು. ಅಪ್ಪನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದವಳು. ಈ ಕಾಡು, ಈ ಮಳೆ, ಈ ಜನ ಯಾವುದೂ ಅವಳಿಗೆ ಮೊದಲು ಸೇರುತ್ತಿರಲಿಲ್ಲ. ಆದರೆ ಮಾವಶಿ ಬಂದರೆ ಒಲೆಯ ಮೇಲಿದ್ದ ಪಲ್ಯವನ್ನೂ ಮರೆತು ಕಟ್ಟೆಗೆ ಬಂದು ಕೂರುವಳು. ಮಾವಶಿಗೆಂದು ಅವ್ವ ಮೊದಮೊದಲು ಬೇರೆ ಲೋಟ ಇಟ್ಟಿದ್ದಳು ಎಂದು ನನ್ನ ತಂಗಿ ಹೇಳುತ್ತಾಳೆ. ನನಗೆ ಅದು ನೆನಪಿಲ್ಲ. ನೆನಪಿಲ್ಲ ಎಂದರೆ ಇರಲಿಲ್ಲ ಎಂದಲ್ಲ. ಅಂಥವು ಮರೆಯುವುದಕ್ಕೆ ಸುಲಭ. ಆ ಲೋಟ ಯಾವ ದಿನ ಇಲ್ಲವಾಯಿತು ಎನ್ನುವುದು ತಂಗಿಗೂ ಗೊತ್ತಿಲ್ಲ.

ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಬಂದು ಹಳಿಯಾಳದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಒಂದೇ ಚಾಳಿ: ಯಾರು ಏನು ಹೇಳಿದರೂ 'ಇದಕ್ಕೆ ಆಧಾರ?' ಎನ್ನುವುದು. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ ಕೂಡ ಇದನ್ನೇ ಕೇಳಿ ಬೈಸಿಕೊಂಡಿದ್ದೇನೆ. ಮಾವಶಿಯನ್ನೂ ಕೇಳಿದೆ. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು ಎಂದು ಪುಸ್ತಕದಲ್ಲಿ ಓದಿದ್ದೆ. ಹೇಗೆ ಬಂದರು, ಯಾರ ಸಂಗಡ ಬಂದರು ಎಂಬುದಕ್ಕೆ ಮನೆತನದ ನೆನಪು ಏನು ಹೇಳುತ್ತದೆ ಎನ್ನುವ ಕುತೂಹಲ.

ಆಕೆ ಟೇಪ್ ರೆಕಾರ್ಡರ್ ಹಿಡಿದುಕೊಂಡು ಬಂದಿದ್ದ ಒಬ್ಬ ಸಂಶೋಧಕರಿಗೆ, ಹಿರಿಯರು ಹಡಗಿನಲ್ಲಿ ಗೋವೆಗೆ ಬಂದು, ಧಣಿಯ ಹೊಡೆತ ತಾಳದೆ ಘಟ್ಟ ಹತ್ತಿ ಓಡಿಬಂದರು ಎಂದು ಹೇಳಿದ್ದಳು. ಶಾಲೆಯ ಮಾಸ್ತರರೊಬ್ಬರಿಗೆ, ಯಾವನೋ ರಾಜನ ಸೈನ್ಯದಲ್ಲಿ ಕುದುರೆ ಏರಿ ಬಂದರು ಎಂದಿದ್ದಳು. ನಾನು ಕೇಳಿದಾಗ ಸಕ್ಕರೆ ತಳದಲ್ಲಿ ಉಳಿದಿದ್ದ ಲೋಟವನ್ನು ಬೆರಳಿನಿಂದ ಸವರಿಕೊಳ್ಳುತ್ತ, "ನಾವೆಲ್ಲಿ ಬಂದೀವಿ? ನಾವು ಇಲ್ಲೇ ಇದ್ದಿವಿ. ಬಂದಾವ್ರು ನಿಮ್ಮಪ್ಪ" ಎಂದಳು.

"ಮೂರರಾಗ ಖರೇ ಯಾವುದು ಮಾವಶಿ?"

"ಮೂರೂ ಖರೇನ. ಕೇಳಾವ್ರು ಮೂರು ಮಂದಿ ಇದ್ರಲ್ಲ!"

ಹೀಗೆ ಹೇಳಿ ಬಾಯಿಗೆ ಅಡ್ಡ ಕೈಯಿಟ್ಟು ನಗುವುದು ಆಕೆಯ ರೀತಿ. ಮುಂದಿನ ಹಲ್ಲು ಬಿದ್ದದ್ದಕ್ಕೆ ಕೈ ಅಡ್ಡ ಇಡುತ್ತಾಳೆ ಎಂದು ನಾನು ತಿಳಿದಿದ್ದೆ. ಆದರೆ ಹಲ್ಲುಗಳು ಎಲ್ಲವೂ ಇದ್ದವು. ಸಿಟ್ಟೂ ಬಹಳ ಇತ್ತು. ಕಸಬರಿಗೆಯ ಹುಲ್ಲು ಎಣಿಸಿ ನೋಡಿದ ಒಬ್ಬ ಮನೆಯೊಡತಿಗೆ, "ತಲ್ಯಾಗಿನ ಕೂದಲಾನೂ ಹಿಂಗ ಎಣಿಸೀರೇನು?" ಎಂದು ಕೇಳಿ, ಆಮೇಲೆ ಆ ಮನೆಯ ಕಡೆಗೆ ಮತ್ತೆಂದೂ ಹೋಗಲಿಲ್ಲ. ತನ್ನ ದನಿಯ ಮೇಲೆ ಭಾರಿ ಅಭಿಮಾನ. ಬೇರೆ ಯಾರು ಹಾಡಿದರೂ "ಛಲೋ ಹಾಡಿದ್ಲು, ಪಾಪ" ಎಂದೇ ಹೊಗಳುವಳು.

ನಮ್ಮ ಕಾಲೊನಿಯಲ್ಲಿ ವರ್ಷಕ್ಕೊಂದು ಕಾರ್ಯಕ್ರಮ ಮಾಡುವ ಒಂದು ಸಮಿತಿ ಇತ್ತು. ಅದರ ಸೆಕ್ರೆಟರಿ ಬೆಳಗಾವಿ ಕಡೆಯ ಫಿಟ್ಟರ್, ಗಟ್ಟಿ ದನಿಯ, ದಣಿವೇ ಇಲ್ಲದ ಮನುಷ್ಯ. ತೊಂಬತ್ತರ ದಶಕದ ಕೊನೆಯಿರಬೇಕು, ಆತನಿಗೆ ಒಂದು ವಿಚಾರ ಹೊಳೆಯಿತು. "ಸರ್, ಈ ಊರಾಗ ಎಷ್ಟ ಭಾಷಾ ಅದಾವ, ಎಷ್ಟ ನಮೂನಿ ಮಂದಿ ಅದಾರ. ಪ್ರತಿ ವರ್ಷ ಅದ ಸಿನಿಮಾ ಹಾಡಿಗೆ ಹುಡುಗ್ಯಾರನ್ನ ಕುಣಿಸೂದು ಸಾಕು. ಜೋಯಿಡಾದ ಕುಣಬಿಯವ್ರು, ಗೌಳ್ಯಾರು, ಮುಂಡಗೋಡದ ಟಿಬೇಟಿನವ್ರು, ಎಲ್ಲಾರ್ನೂ ಒಂದ ಸ್ಟೇಜ್ ಮ್ಯಾಲೆ ತರೂಣು. ನಿಮ್ಮ ಆ ಕಸಬರಿಗಿ ಮಾವಶಿ ಡಮಾಮಿ ಮ್ಯಾಲೆ ಹಾಡ್ತಾಳಂತಲ್ಲ, ಆಕಿನ್ನೂ ಕರೀರಿ."

ಡಮಾಮಿ ಎಂದರೆ ಮರದ ದಿಮ್ಮಿ ಕೊರೆದು ಎರಡೂ ಬಾಯಿಗೆ ಚರ್ಮ ಬಿಗಿದ ವಾದ್ಯ. ಒಂದು ಕಡೆ ಕೋಲು, ಇನ್ನೊಂದು ಕಡೆ ಬರಿಗೈ. ಅದನ್ನು ಬಾರಿಸುತ್ತಿದ್ದವನು ಮಾವಶಿಯ ಗಂಡನ ತಮ್ಮ. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಈ ಮೈದುನನನ್ನು ನಾವು ಕಾಕಾ ಎನ್ನುತ್ತಿದ್ದೆವು. ಮಾತು ಕಡಿಮೆ. ಹಾಡುವುದಂತೂ ಇಲ್ಲವೇ ಇಲ್ಲ.

ನಾನು ಆಕೆಯನ್ನು ಕರೆದಾಗ ಆಕೆ ಕೇಳಿದ್ದು ವಿಚಿತ್ರವಾಗಿತ್ತು. "ಎಲ್ಲೆಲ್ಲಿ ಮಂದಿ ಬರ್ತಾರ?"

"ಕಾರ್ಖಾನಿ ಊರಲ್ಲಾ, ಎಲ್ಲಾ ಕಡೆಯವ್ರೂ ಇರ್ತಾರ."

"ಲಾರಿಯವ್ರು?"

"ಅವರೂ ಬರ್ತಾರ."

"ಗೋವಾದ ಲಾರಿಯವ್ರು?"

"ಇರಬಹುದು."

"ಹಂಗಾರ ಬರ್ತೇನಿ."

ಕಲಾವಿದರಿಗೆ ಸಭೆ ತುಂಬಿರಬೇಕು ಎನ್ನುವ ಆಸೆ ಇರುತ್ತದೆ, ಇದೂ ಅದೇ ಎಂದುಕೊಂಡೆ.

ಆ ಸಂಜೆ ಸ್ಟೇಜಿನ ಹಿಂದೆ ಕಾಕಾ ರದ್ದಿ ಕಾಗದ ಗುಡ್ಡೆ ಹಾಕಿ ಬೆಂಕಿ ಹಚ್ಚಿದ. ಚರ್ಮ ಬಿಸಿಯಾಗದೆ ಡಮಾಮಿ ಮಾತಾಡುವುದಿಲ್ಲ. ಕಾಲೊನಿಯ ವಾಚ್‌ಮನ್ ಕೋಲು ಹಿಡಿದುಕೊಂಡು ಓಡಿಬಂದ. "ಏ, ಪೇಪರ್ ಮಿಲ್ಲಿನ ಊರಾಗ ಪೇಪರ್ ಸುಡ್ತೀರಿ? ನನ್ನ ನೌಕರಿ ಸುಡಾಕ ಬಂದೀರೇನು?" ಮಾವಶಿ ಡಮಾಮಿಯನ್ನು ತೋರಿಸಿ, "ಥಂಡಿ ಹತ್ತೇತಿರಿ ಇದಕ್ಕ. ನಿಮಗ ಥಂಡಿ ಹತ್ತಿದ್ರ ನೀವು ಕಾಸಿಕೊಳ್ಳೂದಿಲ್ಲೇನು? ಬರ್ರಿ, ಕುಂದರ್ರಿ" ಎಂದಳು. ಸ್ವಲ್ಪ ಹೊತ್ತಿಗೆ ವಾಚ್‌ಮನ್ ಕೋಲು ಪಕ್ಕಕ್ಕಿಟ್ಟು ಬೆಂಕಿಗೆ ಅಂಗೈ ಹಿಡಿದು ಕೂತಿದ್ದ. ನವೆಂಬರಿನ ಚಳಿ ಇತ್ತು ಎಂದು ಇದರಿಂದಲೇ ಊಹಿಸುತ್ತಿದ್ದೇನೆ.

ಮುಖ್ಯ ಅತಿಥಿಯಾಗಿ ಒಬ್ಬ ಅಧಿಕಾರಿ ಬಂದಿದ್ದರು. ಯಾವ ಇಲಾಖೆ ಎನ್ನುವುದು ಮರೆತಿದೆ. ಒಳ್ಳೆಯ ಮನುಷ್ಯರೇ ಇರಬೇಕು, ಪ್ರೀತಿಯಿಂದಲೇ ಮಾತಾಡಿದರು. ಆದರೆ ಸಿದ್ದಿಗಳ ಕಡೆಗೆ ಕೈ ಮಾಡಿ, "ದೂರದ ಆಫ್ರಿಕಾದಿಂದ ನಮ್ಮ ನಾಡಿಗೆ ಬಂದಿರುವ ಈ ಅತಿಥಿ ಕಲಾವಿದರು" ಎಂದುಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ಹಳಿಯಾಳದ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದ ಅತಿಥಿ ಕಲಾವಿದರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಹಾಡು. ಮಾವಶಿ ಹಾಡುತ್ತಿದ್ದ ಹಾಡುಗಳಲ್ಲಿ ಇದು ಕರೆಯುವ ಹಾಡು. ಹೆಂಗಸರೆಲ್ಲ ಸೇರಿ "ಯಾರ್ ಬಂದಾರ, ಯಾರ್ ಬಂದಾರ?" ಎಂದು ಕೇಳುತ್ತಾರೆ. ಮಾವಶಿ ಸಭೆಯಲ್ಲಿ ಇರುವವರ ಒಬ್ಬೊಬ್ಬರ ಹೆಸರು ಹಿಡಿದು "ಇಂಥವರು ಬಂದಾರ" ಎನ್ನುತ್ತಾಳೆ. ಡಮಾಮಿ ಅದಕ್ಕೆ ಹೌದೆನ್ನುತ್ತದೆ. ಹೆಸರು ಕೇಳಿಸಿಕೊಂಡವರು ನಾಚಿ ನಗುತ್ತಾರೆ. ಕೆಲವು ಕಡೆ ಹೆಸರು ಬರುವುದಿಲ್ಲ. ಅಲ್ಲಿ ಹಾಡು ತಡೆಯುತ್ತದೆ. ಕಾಕಾ ಅಂಗೈಯಿಂದ ಒಂದೇ ಒಂದು ಸಲ ಧಮ್ ಎಂದು ಹೊಡೆಯುತ್ತಾನೆ. ಮತ್ತೆ "ಬಂದಾರ".

ಅತಿಥಿಗಳ ಹೆಸರನ್ನೂ ಸೇರಿಸಬೇಕು ಎಂದು ಸೆಕ್ರೆಟರಿ ಮೊದಲೇ ಹೇಳಿಕೊಟ್ಟಿದ್ದ. "ಯಾರ್ ಬಂದಾರ?" ಎಂದು ಹೆಂಗಸರು ಕೇಳಿದರು. ಮಾವಶಿ ಮುಂದಿನ ಕುರ್ಚಿಯ ಕಡೆಗೆ ಕೈ ಚಾಚಿದಳು. ಬಾಯಿ ತೆರೆದಳು. ಹೆಸರು ಬರಲಿಲ್ಲ. ಕಾಕಾ ಕಾದು ನೋಡಿ, ರೂಢಿಯಂತೆ ಹೊಡೆದ.

ಧಮ್. "ಬಂದಾರ."

ಅತಿಥಿಗಳು ಸಂತೋಷದಿಂದ ಕೈ ಮುಗಿದರು. ಸಭೆ ಇನ್ನೊಂದು ಸಲ ಚಪ್ಪಾಳೆ ತಟ್ಟಿತು. ಹಿಂದುಗಡೆ ನೆಲದ ಮೇಲೆ ಕೂತಿದ್ದ ಸಿದ್ದಿ ಹೆಂಗಸರಲ್ಲಿ ಮಾತ್ರ ಒಂದು ಗದ್ದಲ. ಒಬ್ಬ ಮುದುಕಿ ಎದೆಯ ಮೇಲೆ ಕೈ ಇಟ್ಟುಕೊಂಡು, "ಅಯ್ಯಯ್ಯೋ, ಈಗರ ಚಾ ಕುಡದಾರಲ್ಲ!" ಎಂದಳು. ಉಳಿದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಯಾಕೆ ಎಂದು ನನಗೆ ತಿಳಿದದ್ದು ಮುಂದಿನ ಸಂತೆಯ ದಿನ. ಸತ್ತವರ ಹೆಸರನ್ನು ಹಾಡಿನಲ್ಲಾಗಲಿ ನಾಲ್ಕು ಜನರ ಮುಂದಾಗಲಿ ಕೂಗಬಾರದು. ಆದರೆ ಅವರನ್ನು ಕರೆಯದೆಯೂ ಇರಬಾರದು. ಅದಕ್ಕೆ ಹೆಸರಿನ ಜಾಗದಲ್ಲಿ ಒಂದು ಪೆಟ್ಟು. ಮಾವಶಿ ಅದಕ್ಕೆ 'ಖಾಲಿ ಪೆಟ್ಟು' ಎನ್ನುತ್ತಿದ್ದಳು. ಇದು ಸಿದ್ದಿಗಳೆಲ್ಲರ ಪದ್ಧತಿಯೋ, ಅವರ ಕೇರಿಯದೋ, ಆಕೆಯ ಮನೆಯದೋ ನನಗೆ ಗೊತ್ತಿಲ್ಲ. ಬೇರೆ ಕೇರಿಯವರನ್ನು ಕೇಳಿದರೆ ಕೆಲವರು ಇಲ್ಲ ಎಂದರು, ಕೆಲವರು ಇರಬಹುದು ಎಂದರು.

"ಅಂದ್ರ ಸಾಹೇಬ್ರನ್ನ ಸಾಯಿಸಿಬಿಟ್ಟಿ ಮಾವಶಿ!" ಅವ್ವ ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನಾ ಏನ್ ಮಾಡ್ಲಿ ಅಕ್ಕಾರ? ಮೊದಲು ಮೂರು ಇಂಗ್ಲೀಷ್ ಅಕ್ಷರ, ಆಮ್ಯಾಲೆ ಊರು, ಆಮ್ಯಾಲೆ ಹೆಸರು, ಆಮ್ಯಾಲೆ ಸಾಹೇಬ್ರು. ಊರಿನ ತನಕಾ ಹೋಗೂದ್ರಾಗ ಉಸುರು ಮುಗೀತು."

"ಆಫ್ರಿಕಾದಿಂದ ಬಂದಾರ ಅಂದ್ರಲ್ಲ, ಅದಕ್ಕ ಸಿಟ್ಟಿಗೆದ್ದು ಮಾಡಿದಿ ಹೌದಿಲ್ಲೋ?" ಎಂದೆ ನಾನು.

"ಆಫ್ರಿಕಾ ಎಲ್ಲಿ ಬರ್ತೈತಿ ಮಾಸ್ತರ? ಯಲ್ಲಾಪುರದ ಆ ಕಡೀಗೇನು?"

ಬಾಯಿಗೆ ಅಡ್ಡ ಕೈ ಬಂದಿರಲಿಲ್ಲ. ಮುಖದಲ್ಲಿ ನಗುವೂ ಇರಲಿಲ್ಲ. ಅದು ತಪ್ಪೋ, ಬೇಕೆಂದೇ ಮಾಡಿದ್ದೋ ನಾನು ಇವತ್ತಿಗೂ ತೀರ್ಮಾನ ಮಾಡಲಾರೆ. ಆ ಅಧಿಕಾರಿಗಳು ನಿವೃತ್ತರಾಗಿ ಗಟ್ಟಿಮುಟ್ಟಾಗಿ ಇದ್ದಾರೆಂದು ಕೇಳಿದ್ದೇನೆ.

ಅದೇ ಹಾಡಿನ ಕೊನೆಯಲ್ಲಿ ಆಕೆ ದನಿ ಏರಿಸಿ ಇನ್ನೊಂದು ಹೆಸರು ಹಾಡಿದ್ದಳು: "ಪರಸು ಬಂದಾನ." ಹಿಂದೆ ಕೂತಿದ್ದ ಹೆಂಗಸರು ಆಗ ಒಮ್ಮೆಲೆ ತಣ್ಣಗಾದರು ಎಂದು ನನ್ನ ನೆನಪು. ಇದನ್ನು ಆ ದಿನವೇ ಗಮನಿಸಿದೆನೋ, ಎಲ್ಲ ತಿಳಿದ ಮೇಲೆ ಅಲ್ಲಿ ಸೇರಿಸಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ.

ಪರಸು ಆಕೆಯ ಒಬ್ಬನೇ ಮಗ. ಇದನ್ನು ನನಗೆ ಹೇಳಿದವಳು ಅವ್ವ. ಮಾವಶಿ ಅವ್ವನಿಗೆ ಯಾವತ್ತೋ ಹೇಳಿಕೊಂಡಿದ್ದಳು. ಡಮಾಮಿಯನ್ನು ಕಾಕಾನ ಹತ್ತಿರವೇ ಕಲಿತ ಹುಡುಗ, ಮೀಸೆ ಬಂದ ಹೊಸತರಲ್ಲಿ ಗೋವೆಗೆ ದುಡಿಯಲಿಕ್ಕೆ ಹೋಗುತ್ತೇನೆ ಎಂದ. ಪರಿಚಯದ ಲಾರಿಯವನಿಗೆ ಹೇಳಿ ಹತ್ತಿಸಿ ಕಳಿಸಿದವನು ಕಾಕಾನೇ. ಒಂದು ಸಲ ಇನ್ನೊಬ್ಬ ಲಾರಿಯವನ ಕೈಯಲ್ಲಿ ಆರಾಮ ಇದ್ದೇನೆ ಎಂದು ಹೇಳಿಕಳಿಸಿದ್ದ. ಅಷ್ಟೇ. ಆಮೇಲೆ ವರ್ಷಗಳು ಹೋದವು. ಹುಡುಕಲು ಹೋದವರು ಬರಿಗೈಯಲ್ಲಿ ಬಂದರು. ಆತ ತೀರಿಹೋಗಿರಬೇಕು ಎಂದು ಕೇರಿ ಒಳಗೊಳಗೇ ಒಪ್ಪಿಕೊಂಡಿತ್ತು. ಹೆಸರಿನ ಜಾಗದಲ್ಲಿ ಖಾಲಿ ಪೆಟ್ಟು ಹೊಡೆಸಲು ತಾಯಿ ಮಾತ್ರ ಒಪ್ಪಲಿಲ್ಲ. ಯಾವ ಹಾಡಿನಲ್ಲೂ, ಯಾವ ಮದುವೆಯಲ್ಲೂ ಆತನ ಹೆಸರು ಬಿಡಲಿಲ್ಲ.

ಸ್ಟೇಜ್ ಎಂದರೆ ಆಕೆಗೆ ಏನು ಎನ್ನುವುದು ಆಗ ತಿಳಿಯಿತು. ನಾವು ಊರಿನ ನಾನಾ ಜನರನ್ನು ಒಂದೆಡೆ ಸೇರಿಸುತ್ತಿದ್ದೇವೆ ಎಂದು ಬೀಗುತ್ತಿದ್ದೆವು. ಆಕೆಗೆ ಬೇಕಾಗಿದ್ದದ್ದೂ ಅದೇ. ನಾನಾ ಕಡೆಯ ಜನ. ಅವರಲ್ಲಿ ಒಬ್ಬ ಆ ಹೆಸರು ಕೇಳಿ ಎದ್ದು ನಿಲ್ಲಬಹುದು.

ಒಂದು ದಿನ ತಡೆಯದೆ ಕೇಳಿದೆ. "ಬಂದಿಲ್ಲದಾವನ್ನ 'ಬಂದಾನ' ಅಂತ ಹಾಡಿದ್ರ ಸುಳ್ಳಾಗೂದಿಲ್ಲೇನು ಮಾವಶಿ?"

"ನಿನಗ ಸುದ್ದಿ ಹೇಳಾಕತ್ತೇನೇನು? ಅವನ್ನ ಕರ್ಯಾಕತ್ತೇನಿ."

ಆಮೇಲೆ ನಮ್ಮ ಸೆಕ್ರೆಟರಿಯ ಉತ್ಸಾಹ ದಾಂಡೇಲಿಯ ಹೊರಗೂ ಹರಿಯಿತು. ಜೋಯಿಡಾದಲ್ಲಿ ಅಲ್ಲಿಯ ಯುವಕರು ಇಂಥದೇ ಒಂದು ಕಾರ್ಯಕ್ರಮ ಇಟ್ಟುಕೊಂಡರು. ನಾವು ಒಂದು ಟೆಂಪೊದಲ್ಲಿ ಹೋದೆವು. ಹಾಡು ಕುಣಿತ ಚೆನ್ನಾಗಿಯೇ ಆಯಿತು. ಅಲ್ಲಿಯೇ ಉಳಿದು ಬೆಳಿಗ್ಗೆ ಹೊರಡುವಾಗ ಮಾವಶಿ ಡ್ರೈವರನ ಪಕ್ಕ ಹೋಗಿ ಕೂತು, "ಅನಮೋಡಕ್ಕ ಹೋಗೂಣು" ಎಂದಳು.

"ಉಲ್ಟಾ ದಾರಿ ಆಗ್ತೈತಿ ಮಾವಶಿ" ಎಂದ ಸೆಕ್ರೆಟರಿ.

"ನಿಮಗ ಉಲ್ಟಾ. ನನಗ ಅದ ಸೀದಾ."

ಅನಮೋಡದಲ್ಲಿ ನಮ್ಮ ರಾಜ್ಯ ಮುಗಿದು ಗೋವೆ ಶುರುವಾಗುತ್ತದೆ. ಚೆಕ್‌ಪೋಸ್ಟಿನ ಮುಂದೆ ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಡ್ರೈವರುಗಳು ಕೆಳಗಿಳಿದು ಹಲ್ಲುಜ್ಜುತ್ತ, ಬೀಡಿ ಸೇದುತ್ತ ಇದ್ದರು. ಮಾವಶಿ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತಳು. ಕಾಕಾ ಮೊದಲು ಒಲ್ಲೆ ಎಂದ. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಡಮಾಮಿಯನ್ನು ತೊಡೆಗೆ ಎಳೆದುಕೊಂಡ. ಬಿಸಿಲಿತ್ತು, ಬೆಂಕಿ ಬೇಕಾಗಲಿಲ್ಲ.

ಒಬ್ಬ ಪೊಲೀಸ್ ಬಂದು, "ಏನಿದು, ಹಾದ್ಯಾಗ ಮದಿವಿ ಹಚ್ಚೀರಿ?" ಎಂದ. "ನಿಮ್ಮ ಹೆಸರೇನ್ರಿ ಸಾಹೇಬ್ರ?" ಎಂದು ಕೇಳಿದ ಮಾವಶಿ, ಆತ ಹೇಳಿದ್ದೇ ತಡ, ಅದನ್ನು ಹಾಡಿಗೆ ಹಾಕಿಬಿಟ್ಟಳು. ಲಾರಿಯವರು ಸುತ್ತ ಸೇರಿದರು. ಒಬ್ಬೊಬ್ಬರೇ ತಮ್ಮ ಹೆಸರು ಹೇಳಿದರು. ಕೊನೆಗೆ ಆಕೆ ಕೊರಳು ಬಿಚ್ಚಿ ಆ ಹೆಸರು ಹಾಡಿ, ಹಾಡು ನಿಲ್ಲಿಸಿ, "ನಮ್ಮಂಥಾ ಹುಡುಗ. ನೋಡೀರೇನು ಯಾರರ?" ಎಂದು ಕೇಳಿದಳು.

ಹಾವೇರಿ ಕಡೆಯ ಒಬ್ಬ ಡ್ರೈವರ್ ಮುಂದೆ ಬಂದ. "ಪೋಂಡ್ಯಾದ ಒಂದು ಗ್ಯಾರೇಜಿನ್ಯಾಗ ಒಬ್ಬಾಂವ ಇದ್ದಾರಿ. ನಿಮ್ಮಂಗ ಕೂದಲಾ."

ಮಾವಶಿ ಎದ್ದು ನಿಂತಳು. "ಎಡಗೈಲೆ ಉಣ್ತಿದ್ದನೇನು?"

ಡ್ರೈವರ್ ಆಕೆಯ ಮುಖ ನೋಡಿದ. "ಹೌದ್ರಿ ಅವ್ವಾರ. ಎಡಗೈ. ಖರೇ, ಎಡಗೈಲೇ."

ಆಕೆ ಆತನ ತಲೆಯ ಮೇಲೆ ಕೈ ಇಟ್ಟಳು. ನಾವೆಲ್ಲ ಸಂಭ್ರಮದಲ್ಲಿ ಟೆಂಪೊ ಹತ್ತಿದೆವು. ಸೆಕ್ರೆಟರಿ ಗೋವೆಯ ಪೋಂಡಾಕ್ಕೆ ಯಾವಾಗ ಹೋಗುವುದು, ಯಾರನ್ನು ವಿಚಾರಿಸುವುದು ಎಂದು ಗಟ್ಟಿಯಾಗಿ ಯೋಜನೆ ಹಾಕುತ್ತಿದ್ದ. ಬಹಳ ದೂರ ಬಂದ ಮೇಲೆ ಮಾವಶಿ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

"ಪರಸು ಬಲಗೈಲೇ ಉಣ್ತಾನ."

ಮತ್ತೆ ಹೇಳಿದಳು: "ಸುಳ್ಳ ಹೇಳಿದಾ. ನನ್ನ ಮುಖಾ ನೋಡಿ ಹೇಳಿದಾ, ಪಾಪ. ಯಾರ ಮಗನೋ ಏನೋ, ಒಳ್ಳೇವಾ."

ಇಷ್ಟು ವರ್ಷ ಆಧಾರ ಆಧಾರ ಎಂದು ಬಡಿದಾಡಿದ ನಾನು, ಮಗನ ಆಸೆಯಲ್ಲಿ ಆಕೆ ಯಾರು ಏನು ಹೇಳಿದರೂ ನಂಬುವ ಮುದುಕಿ ಎಂದುಕೊಂಡಿದ್ದೆ. ಆಕೆಯ ಅನುಮಾನ ನನ್ನದಕ್ಕಿಂತ ಚೂಪಾಗಿತ್ತು. ಎಲ್ಲವನ್ನೂ ಅನುಮಾನಿಸಿ ನೋಡಿ, ಆಮೇಲೂ ಹಾಡುತ್ತಿದ್ದಳು. ಆ ಎರಡನ್ನು ಒಂದೇ ಎದೆಯಲ್ಲಿ ಹೇಗೆ ಇಟ್ಟುಕೊಂಡಿದ್ದಳು ಎನ್ನುವುದು ನನಗೆ ಗೊತ್ತಾಗಿಲ್ಲ. ಅದರ ಮರುವಾರ ಸೆಕ್ರೆಟರಿ ಒಬ್ಬನೇ ಪೋಂಡಾಕ್ಕೆ ಹೋಗಿಬಂದ. ಅಂಥ ಗ್ಯಾರೇಜು ಸಿಗಲಿಲ್ಲ.

ಮುಂಡಗೋಡಕ್ಕೆ ಹೋದದ್ದು ಅದಾದ ಒಂದೆರಡು ವರ್ಷಕ್ಕೆ. ಅಲ್ಲಿಯ ಅತ್ತಿವೇರಿಯಲ್ಲಿ ಹಕ್ಕಿ ನೋಡಲು ಬರುವವರಿಗಾಗಿ ಕೆರೆಯ ಹತ್ತಿರ ಹಗಲು ಹೊತ್ತಿನ ಒಂದು ಕಾರ್ಯಕ್ರಮ. ಟಿಬೇಟಿನ ಹುಡುಗರು ಮುಖವಾಡ ಹಾಕಿ ಕುಣಿದರು. ಆಮೇಲೆ ಇವರ ಸರದಿ. ಹೋಗುವ ಮೊದಲು ಕಾಕಾ ನನ್ನನ್ನು ಪಕ್ಕಕ್ಕೆ ಕರೆದಿದ್ದ. ಆತ ನನ್ನೊಡನೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅತ್ತಿಗೆಯನ್ನು ಆತ ವೈನಿ ಎನ್ನುತ್ತಿದ್ದ.

"ಮಾಸ್ತರ, ನೀವರ ಹೇಳ್ರಿ ವೈನಿಗೆ. ಹಿರಿಯರಿಗೆ ಎಡಿ ಇಡೂ ದಿನಾ ಬಂತು. ಹುಡುಗನ್ನೂ ಅವರ ಸಂಗಾಟ ಕುಂದರ್ಸಿಬಿಡೂಣು. ಪ್ರತಿ ಸಲಾ ಆಕಿ ಆ ಹೆಸರು ತಗದ್ರ ನನ್ನ ಕೈ ನಿಲ್ತೈತಿ. ಲಾರಿ ಹತ್ತಿಸಿದ ಕೈ ಇದು. ಎಷ್ಟ ವರ್ಷ ಅಂತ ಬಾರಿಸ್ಲಿ?"

ಆಕೆಗೆ ಹೇಳುವ ಹಕ್ಕು ನನಗೆಲ್ಲಿಯದು? "ನೀವ ಕೇಳಿ ನೋಡ್ರಿ" ಎಂದೆ. ಆತ ಬಾಯಿಂದ ಕೇಳಲಿಲ್ಲ.

ಹಾಡು ಎಂದಿನಂತೆ ನಡೆಯಿತು. ಹೆಂಗಸರು ಕೇಳಿದರು, "ಯಾರ್ ಬಂದಾರ?" ಮಾವಶಿ ಉಸಿರು ಎಳೆದುಕೊಂಡಳು. ಆಕೆ ಬಾಯಿ ತೆರೆಯುವ ಮೊದಲೇ ಕಾಕಾನ ಅಂಗೈ ಬಿತ್ತು.

ಧಮ್.

ಹೆಂಗಸರು ಹಾಡು ನಿಲ್ಲಿಸಿದರು. ಹಾಡು ಮುಗಿಯಿತೆಂದು ಸಭೆ ಚಪ್ಪಾಳೆ ತಟ್ಟಿತು. ಆ ಸದ್ದಿಗೆ ಕೆರೆಯಿಂದ ಬೆಳ್ಳಕ್ಕಿಗಳು ಎದ್ದು ಹೋದವು ಎಂದು ನಾನು ಯಾವಾಗಲೂ ಹೇಳುತ್ತೇನೆ. ಸೆಕ್ರೆಟರಿಯನ್ನು ಕೇಳಿದರೆ ಹಕ್ಕಿಗಳು ಹಾರಲಿಲ್ಲ ಎನ್ನುತ್ತಾನೆ. ಇರಲಿ. ಚಪ್ಪಾಳೆ ನಿಂತ ಮೇಲೆ ಆದದ್ದರ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮಾವಶಿ ತಿರುಗಿ, ಡಮಾಮಿಯ ಮೇಲೆ ಎರಡೂ ಕೈ ಇಟ್ಟು ಅದನ್ನು ಸುಮ್ಮನಾಗಿಸಿ, ರಾಗವಿಲ್ಲ ತಾಳವಿಲ್ಲ, ಹೊಲದ ಆಚೆ ಇದ್ದವನನ್ನು ಊಟಕ್ಕೆ ಕೂಗುವ ಹಾಗೆ ಕೂಗಿದಳು:

"ಪರಸೂ! ಏ ಪರಸೂ!"

ಮತ್ತೆ ಮೈದುನನಿಗೆ, ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ: "ಹೆತ್ತಾಕಿ ನಾನು. ಸತ್ತಾನ ಅಂತ ಹೇಳಾಕಿನೂ ನಾನ. ನಿನ್ನ ಕೈ ಅಲ್ಲ."

ಆ ದಿನದಿಂದ ಇಬ್ಬರಿಗೂ ಮಾತು ಬಿಟ್ಟಿತು. ಒಂದೇ ಅಂಗಳದ ಎರಡು ಗುಡಿಸಲು. ಡಮಾಮಿ ಕಾಕಾನ ಮನೆಯಲ್ಲಿ, ಹಾಡು ಮಾವಶಿಯ ಮನೆಯಲ್ಲಿ. ನಾವು ಮುಂದಿನ ವರ್ಷ ಕರೆದಾಗ, "ಡಮಾಮಿ ಇಲ್ಲದ ಹೆಂಗ ಬರ್ಲಿ? ಗುಂಡಿ ಇಲ್ಲದ ಅಂಗಿ ಹಾಕ್ಕೊಂಡು ಬಂದಂಗ ಆಗ್ತೈತಿ" ಎಂದಳು. ಕಾಕಾನನ್ನು ಕೇಳಿದರೆ, "ವೈನಿ ಹಾಡಿದ್ರ ಬಾರಿಸ್ತೇನಿ" ಎನ್ನುವನು. ವೈನಿಯನ್ನು ಕೇಳುವ ಧೈರ್ಯ ಆತನಿಗಿರಲಿಲ್ಲ. ಸಂತೆಯ ದಿನ ಕಸಬರಿಗೆ ಕಟ್ಟು ಮಾತ್ರ ತಪ್ಪದೆ ಬರುತ್ತಿತ್ತು. ಅವ್ವ ಸಕ್ಕರೆಯನ್ನು ಮೊದಲು ಹಾಕುವುದನ್ನು ಕಲಿತಿದ್ದಳು.

ಒಂದು ಮಳೆಗಾಲದಲ್ಲಿ ಕಟ್ಟು ಬರುವುದು ನಿಂತಿತು. ಜ್ವರ ಎಂದರು. ಆಮೇಲೆ ಒಂದು ದಿನ ಕಾಕಾನೇ ನಮ್ಮ ಮನೆಯ ಕಟ್ಟೆಗೆ ಬಂದು ಕೂತ. ಅವ್ವ ಒಳಗಿನಿಂದ ನೋಡಿ, "ಯಾವಾಗ?" ಎಂದಷ್ಟೇ ಕೇಳಿದಳು.

ಆ ವರ್ಷದ ಕಾರ್ಯಕ್ರಮ ಮಾವಶಿಯ ನೆನಪಿಗೆ ಎಂದು ಸೆಕ್ರೆಟರಿ ತೀರ್ಮಾನಿಸಿದ. ದೊಡ್ಡ ಬ್ಯಾನರ್, ಅದರ ಮೇಲೆ ಆಕೆಯ ಫೋಟೊ, ಪೂರ್ತಿ ಹೆಸರು. ನಿರೂಪಣೆಗೆ ಬಂದ ಹುಡುಗಿ ಮೈಕಿನಲ್ಲಿ ಆ ಹೆಸರನ್ನು ಮತ್ತೆ ಮತ್ತೆ ಹೇಳಿದಾಗ, ಕೇರಿಯಿಂದ ಬಂದಿದ್ದ ಹೆಂಗಸರು ಪ್ರತಿ ಸಲವೂ ತಲೆ ತಗ್ಗಿಸಿದರು. ಯಾರೂ ಅವಳನ್ನು ತಡೆಯಲಿಲ್ಲ. ತಿಳಿಯದವರು ಕೂಗಿದರೆ ದೋಷವಿಲ್ಲ ಎಂದು ಆಮೇಲೆ ಒಬ್ಬಳು ಹೇಳಿದಳು. ನನಗೆ ತಿಳಿದಿದೆ. ಅದಕ್ಕೇ ಇಲ್ಲಿ ಹೆಸರಿಲ್ಲ.

ಸ್ಟೇಜಿನ ಹಿಂದೆ ವಾಚ್‌ಮನ್ನನೇ ರದ್ದಿ ಕಾಗದ ತಂದು ಬೆಂಕಿ ಹಾಕಿಕೊಟ್ಟಿದ್ದ. ಮಾವಶಿಯ ತಂಗಿ ಹಾಡಿದಳು. ಛಲೋ ಹಾಡಿದಳು, ಪಾಪ. ಸಭೆಯಲ್ಲಿದ್ದವರ ಹೆಸರುಗಳು ಒಂದೊಂದಾಗಿ ಬಂದವು. ನನ್ನ ಅವ್ವನ ಹೆಸರೂ ಬಂತು. ಆಮೇಲೆ ಹೆಂಗಸರು ಕೇಳಿದರು, "ಯಾರ್ ಬಂದಾರ?" ಹಾಡು ತಡೆಯಿತು. ಕಾಕಾನ ಅಂಗೈ ಮೇಲೆದ್ದಿತು.

ಧಮ್. "ಬಂದಾಳ."

ಅವ್ವ ನನ್ನ ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು. ಹೆಂಗಸರು ಮತ್ತೆ ಕೇಳಿದರು, "ಯಾರ್ ಬಂದಾರ?" ಪ್ರತಿ ಸಲ ಪರಸುವಿನ ಹೆಸರು ಬರುತ್ತಿದ್ದ ಜಾಗ ಅದು. ತಂಗಿ ಹಾಡಲಿಲ್ಲ, ಕಾಕಾನ ಕಡೆಗೆ ನೋಡಿದಳು. ಎಲ್ಲರೂ ಆತನ ಕೈ ನೋಡಿದರು. ತಡೆಯಲಿಕ್ಕೆ ಈಗ ಯಾರೂ ಇರಲಿಲ್ಲ. ಅದು ಎಷ್ಟೋ ವರ್ಷದಿಂದ ಆತ ಹೊಡೆಯಬೇಕೆಂದಿದ್ದ ಪೆಟ್ಟು.

ಎತ್ತಿದ ಕೈ ಹಾಗೆಯೇ ನಿಂತಿತು. ಆಮೇಲೆ ಅದು ಮೆಲ್ಲಗೆ ಇಳಿದು, ಸದ್ದು ಮಾಡದೆ, ಚರ್ಮದ ಮೇಲೆ ಕೂತಿತು. ಯಾವತ್ತೂ ಹಾಡದ ಆ ಮನುಷ್ಯ ಒಡಕು ದನಿಯಲ್ಲಿ ಹಾಡಿದ:

"ಪರಸು ಬಂದಾನ."

ಇದನ್ನು ನಾನು ನನ್ನ ನೆನಪಿನ ಮೇಲೆ ಬಿಟ್ಟಿಲ್ಲ. ಅವ್ವನನ್ನು ಕೇಳಿದ್ದೇನೆ, ಸೆಕ್ರೆಟರಿಯನ್ನು ಕೇಳಿದ್ದೇನೆ, ವಾಚ್‌ಮನ್ನನನ್ನೂ ಕೇಳಿದ್ದೇನೆ. ಮೂವರೂ ಒಂದೇ ಮಾತು ಹೇಳಿದರು.

ಕಾರ್ಯಕ್ರಮ ಮುಗಿದು, ಬೆಂಕಿಯ ಬೂದಿಯ ಪಕ್ಕ ಕಾಕಾ ಡಮಾಮಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಹತ್ತಿರ ಹೋಗಿ ಕೂತೆ. "ಯಾಕ ಕಾಕಾ? ಇವತ್ತರ ಹೊಡೀತೀರಿ ಅಂತ ಮಾಡಿದ್ದೆ."

ಆತ ಗಂಟು ಬಿಗಿಯುತ್ತ ಹೇಳಿದ: "ವೈನಿ ಬಂದಾಳ ಅಂತ ಈಗರ ಬಾರಿಸಿನೆಲ್ಲ ಮಾಸ್ತರ. ಬಂದು ಎದುರಿಗೆ ಕುಂತಾಕಿ ಸುಮ್ಮನ ಬಿಡ್ತಾಳೇನು?"